ಧಾರೆ ಸೀರೆಯ ಬಣ್ಣ

ಡಿಸೆಂಬರ್ ೮, ಭಾನುವಾರ

ಮಧುಕರ್ ಅವರ ಮಗಳು ಇವತ್ತು ನನಗೊಂದು ಕೆಲಸ ಹೇಳಿದಳು. ನಾನು ಮದುವೆಯಾಗಿ ಈ ಮನೆಗೆ ಬಂದು ಹದಿಮೂರು ವರ್ಷವಾಯಿತು. ಅವಳಾಗಿ ಏನನ್ನಾದರೂ ಕೇಳಿದ್ದು ಇದೇ ಮೊದಲಿರಬೇಕು.

ಊಟವಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಫ್ರಿಜ್ ಕಡೆ ನೋಡುತ್ತಾ, “ಆಂಟಿ, ನಿಮ್ಮ ಆಫೀಸಲ್ಲಿ ಹಳೇ ಫೋಟೋ ಸರಿ ಮಾಡ್ತೀರಲ್ಲ, ಒಂದು ಫೋಟೋ ನೋಡ್ತೀರಾ?” ಎಂದಳು. ಸರಿ ಮಾಡುವುದಿಲ್ಲ, ಸ್ಕ್ಯಾನ್ ಮಾಡಿ ಕಾಪಿಡುತ್ತೇವೆ ಎಂದು ತಿದ್ದಿದೆ. ತಿದ್ದಬೇಕಾಗಿರಲಿಲ್ಲ.

ಅವಳ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿರುವ ಫೋಟೋ ಅದು. ರೇವತಿ, ಅಂದರೆ ಅವಳ ತಾಯಿ, ಮಧುಕರ್ ಅವರ ಮೊದಲ ಹೆಂಡತಿ, ಧಾರೆಯ ಮಂಟಪದಲ್ಲಿ ನಿಂತಿದ್ದಾರೆ. ಫೆಬ್ರವರಿಯಲ್ಲಿ ಸೌಂದರ್ಯಾಳ ಮದುವೆ. ತಾಯಿ ಧಾರೆಗೆ ಉಟ್ಟ ಬಣ್ಣವನ್ನೇ ತಾನೂ ಉಡಬೇಕೆಂದು ಅವಳ ಆಸೆ. ಆ ಸೀರೆ ಈಗಿಲ್ಲ. ಮುತ್ತೈದೆಯಾಗಿ ಹೋದವರಿಗೆ ಧಾರೆ ಸೀರೆ ಉಡಿಸಿ ಕಳಿಸುವುದು ಅವರ ಮನೆಯ ಪದ್ಧತಿ. ಸೌಂದರ್ಯಾಳಿಗೆ ಆಗ ಒಂಬತ್ತು ವರ್ಷ.

ಹಾಲುಬಿಳಿಯ ರೇಷ್ಮೆ ಸೀರೆಯೊಂದನ್ನು ತಂದಾಗಿದೆ. ಅದಕ್ಕೆ ಬಣ್ಣ ಹಾಕಿಸಬೇಕು. ಯಾವ ಬಣ್ಣ ಎನ್ನುವುದೇ ಪ್ರಶ್ನೆ. ಫೋಟೋದಲ್ಲಿ ಸೀರೆ ಒಣಗಿದ ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದೆ. ಮಧುಕರ್ ಅವರನ್ನು ಕೇಳಿದರೆ, “ನೀಲಿ ಇತ್ತು ಅನ್ಸುತ್ತೆ. ಇಲ್ಲ, ಹಸಿರು. ಬಿಸಿಲಲ್ಲಿ ಹಸಿರು,” ಎಂದು ಟೀವಿಯ ಧ್ವನಿ ಜಾಸ್ತಿ ಮಾಡಿದರು.

ಈ ಮನೆಯಲ್ಲಿ ಆ ಸೀರೆಯನ್ನು ನೋಡದವಳು ನಾನೊಬ್ಬಳೇ. ಆದ್ದರಿಂದ ಅದರ ಬಣ್ಣದ ಬಗ್ಗೆ ನನಗೆ ಪೂರ್ವಗ್ರಹವಿಲ್ಲ.

ಡಿಸೆಂಬರ್ ೧೦, ಮಂಗಳವಾರ

ಪ್ರಿಂಟನ್ನು ರಿಚರ್ಡ್ಸ್ ಟೌನಿನ ಆಫೀಸಿಗೆ ತೆಗೆದುಕೊಂಡು ಹೋಗಿ ಒಳ್ಳೆಯ ಬೆಳಕಿನಲ್ಲಿ ನೋಡಿದೆ. ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರಗಳಿರುತ್ತವೆ. ಈ ಪ್ರಿಂಟಿನಲ್ಲಿ ನೀಲಿ-ಹಸಿರಿನ ಪದರ ಹೆಚ್ಚುಕಡಿಮೆ ಸತ್ತೇ ಹೋಗಿದೆ. ಉಳಿದವು ಕೆಂಪು ಮತ್ತು ಹಳದಿ. ನನ್ನ ಜೊತೆ ಸ್ಕ್ಯಾನಿಂಗ್ ಮಾಡುವ ಮುತ್ತಣ್ಣ ಬಗ್ಗಿ ನೋಡಿ, “ಏನ್ ಮೇಡಂ, ಇಡೀ ದಿಬ್ಬಣಾನೇ ಹೋಳಿ ಆಡ್ಕೊಂಡ್ ಬಂದಂಗೈತೆ,” ಎಂದ.

ನೆಗೆಟಿವ್ ಬೇಕು. ನೆಗೆಟಿವ್ ಇದ್ದರೆ ಪ್ರಿಂಟನ್ನು ಸ್ಕ್ಯಾನ್ ಮಾಡುವುದಿಲ್ಲ, ಅದು ನಮ್ಮ ನಿಯಮ. ಮೂಲವಿರುವಾಗ ನಕಲನ್ನು ಕಾಪಿಡುವುದು ಜಾಗಕ್ಕೆ ದಂಡ.

ನೆಗೆಟಿವ್‌ಗಳು ಜೋಗುಪಾಳ್ಯದಲ್ಲಿ ಆದಿಲಕ್ಷ್ಮಿ ಅಕ್ಕನ ಹತ್ತಿರ ಇವೆಯಂತೆ. ಅವರು ರೇವತಿಯ ಅಕ್ಕ. ರೇವತಿ ಹೋದ ಮೇಲೆ ನಾಲ್ಕು ವರ್ಷ ಸೌಂದರ್ಯಾಳನ್ನು ಸಾಕಿದವರು ಅವರೇ.

ಡಿಸೆಂಬರ್ ೧೫, ಭಾನುವಾರ

“ಬಾಮ್ಮಾ ಬೃಂದಾ. ಮನೆ ದಾರಿ ನೆನಪಿತ್ತಾ?” ಎಂದೇ ಅಕ್ಕ ಬಾಗಿಲು ತೆಗೆದರು.

ವಿಷಯ ಹೇಳಿದೆ. “ಬಣ್ಣ ಕೇಳೋಕೆ ಮಿಷನ್ ಯಾಕೆ? ಕೊನೇಲಿ ಉಡಿಸಿದ್ದು ಈ ಕೈ. ರಾಮಾ ಗ್ರೀನ್ ಅದು,” ಎಂದರು. ರಾಮಾ ಗ್ರೀನ್ ಎಂದರೆ ಅಂಗಡಿಗೊಂದು ಬಣ್ಣವಿರುತ್ತದೆ ಎಂದೆ. “ಅವಳ ಸೀರೆ ಬಣ್ಣ ನೀನು ನಂಗೆ ಹೇಳ್ಕೊಡ್ತೀಯಾ?” ಎಂದು ನಕ್ಕರು. ಆಮೇಲೆ, “ನೆಗೆಟಿವ್ ಕೈಗೆ ಕೊಡಲ್ಲ. ನಾನೇ ತರ್ತೀನಿ, ನನ್ನ ಕಣ್ಣೆದುರಿಗೇ ಮಾಡು,” ಎಂದರು.

ಹೊರಡುವಾಗ ಎಲೆ ಅಡಿಕೆ ಕೊಟ್ಟು ಮತ್ತೊಂದು ಮಾತು ಹೇಳಿದರು. “ಧಾರೆ ನೀರು ನಾನೇ ಎರೀತೀನಿ. ಹೆತ್ತೋಳಿಲ್ಲ, ಸಾಕ್ದೋಳು ಇದೀನಲ್ಲ. ಮಧುಕರಂಗೂ ಹೇಳಿದೀನಿ. ನಿಂಗೇನೂ ಬೇಜಾರಿಲ್ಲ ತಾನೆ?”

ಇಲ್ಲ ಎಂದೆ. ಅದು ಸರಿಯೇ. ನಾನು ಬರುವ ಹೊತ್ತಿಗೆ ಹುಡುಗಿಗೆ ಹದಿಮೂರಾಗಿತ್ತು. ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದಳು.

ಬರುವಾಗ ದಾರಿಯ ಬಟ್ಟೆ ಅಂಗಡಿಯಲ್ಲಿ ರಾಮಾ ಗ್ರೀನ್ ತೋರಿಸಿ ಎಂದೆ. “ರಾಮಾ ಗ್ರೀನಲ್ಲಿ ಯಾವ್ದು ಮೇಡಂ?” ಎಂದು ಮೂರು ತಾನು ಬಿಚ್ಚಿದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ.

ಡಿಸೆಂಬರ್ ೨೧, ಶನಿವಾರ

ರಜೆಯ ದಿನ ಅನುಮತಿ ಪಡೆದು ಆಫೀಸಿನ ಬಾಗಿಲು ತೆಗೆಸಿದೆ. ಅಕ್ಕ ನೆಗೆಟಿವ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಯಾರದೋ ಮದುವೆಯ ತಾಂಬೂಲದ ಚೀಲದಲ್ಲಿಟ್ಟುಕೊಂಡು ಬಂದರು. ಆಟೋದಲ್ಲಿ ಉದ್ದಕ್ಕೂ ಮಡಿಲಲ್ಲೇ ಹಿಡಿದಿದ್ದರಂತೆ.

ನೆಗೆಟಿವ್ ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ಸ್ಕ್ಯಾನ್ ಮಾಡಿ ಬಣ್ಣಗಳನ್ನು ತಿರುಗಿಸಿದರೆ ಅವು ತಾವಾಗಿ ಸರಿಯಾಗುವುದಿಲ್ಲ. ಚಿತ್ರದೊಳಗಿನ ಯಾವುದಾದರೂ ಒಂದು ಬಿಳಿಯನ್ನು ನಂಬಿ, ಅದರಿಂದ ಉಳಿದದ್ದನ್ನು ಹಿಡಿಯಬೇಕು. ನಾನು ಮದುಮಗನ ಪಂಚೆಯನ್ನು ನಂಬಿದೆ. “ಆ ಪಂಚೆ ಬೆಳ್ಳಗಿರ್ಲಿಲ್ಲ ಕಣೆ, ಅರಿಸಿನದ ನೀರು ಬಿದ್ದಿತ್ತು,” ಎಂದರು ಅಕ್ಕ. ಪಂಚೆ ಬಿಟ್ಟು ಮುಡಿಯ ಮಲ್ಲಿಗೆಯನ್ನು ಹಿಡಿದೆ. ಸೀರೆ ತಟ್ಟನೆ ಬಂತು.

ನೀಲಿಯಲ್ಲ, ಹಸಿರಲ್ಲ. ಎರಡರ ನಡುವೆ, ಒಳಗಿನಿಂದ ದೀಪ ಹಚ್ಚಿಟ್ಟಂಥ ಬಣ್ಣ. ಅಕ್ಕ ಎದ್ದು ಹೋಗಿ ಪರದೆಯ ಮೇಲೆ, ಸೆರಗಿನ ಜಾಗದಲ್ಲಿ, ಬೆರಳಿಟ್ಟರು. ಪರದೆ ಮುಟ್ಟಬಾರದು ಎಂದು ನಾನೇ ಬರೆದು ಅಂಟಿಸಿದ ಚೀಟಿ ಪಕ್ಕದಲ್ಲೇ ಇದೆ. ಅದನ್ನು ತೋರಿಸಲಿಲ್ಲ.

ಇನ್ನು ಕಲರ್ ಸ್ಪೇಸ್ ಆರಿಸಬೇಕಿತ್ತು. ಅದೇನು ಎಂದು ಅಕ್ಕ ಕೇಳಿದರು. ಬಣ್ಣಗಳನ್ನು ತುಂಬಿಡುವ ಪೆಟ್ಟಿಗೆ ಎಂದೆ. ಫೋನು, ಟೀವಿಗಳೆಲ್ಲ ನೆಚ್ಚಿಕೊಂಡಿರುವುದು ಎಸ್‌ಆರ್‌ಜಿಬಿ ಎಂಬ ಚಿಕ್ಕ ಪೆಟ್ಟಿಗೆಯನ್ನು. ಅದರಲ್ಲಿ ಹಿಡಿಸದ ಬಣ್ಣ ಯಾವುದೆಂದು ತಂತ್ರಾಂಶ ಬೂದಿ ಬಳಿದು ತೋರಿಸುತ್ತದೆ. ತೋರಿಸಲೆಂದು ಒತ್ತಿದೆ. ಮುಖ, ಹೂವು, ಪಂಚೆ, ಚಪ್ಪರ ಎಲ್ಲವೂ ಹಾಗೇ ಉಳಿದವು. ಸೀರೆ ಮಾತ್ರ, ಮಡಿಕೆ ಮಡಿಕೆಯೂ, ಬೂದಿಯಾಯಿತು.

“ಅಯ್ಯೋ, ತೆಗಿಯೇ ಅದನ್ನ,” ಎಂದರು ಅಕ್ಕ. ತೆಗೆದೆ. ನಾನು ಯೋಚಿಸಿ ಒತ್ತಬೇಕಿತ್ತು.

ಅಡೋಬಿ ಆರ್‌ಜಿಬಿ ಎಂಬ ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟೆ. ಸೀರೆ ಪೂರ್ತಿ ಹಿಡಿಸಿತು. ಇನ್ನೂ ದೊಡ್ಡವು ಇವೆ, ಅವುಗಳಲ್ಲಿ ಯಾವ ಕಣ್ಣಿಗೂ ಕಾಣದ ಬಣ್ಣಗಳಿಗೂ ಜಾಗವಿದೆ. ಅಷ್ಟು ಬೇಡ.

ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಲು ಎರಡು ದಾರಿ. ಒಂದು, ಹಿಡಿಸುವ ಬಣ್ಣಗಳನ್ನು ಇದ್ದ ಹಾಗೇ ಇಟ್ಟು, ಹಿಡಿಸದ್ದನ್ನು ಅಂಚಿನಲ್ಲಿ ಕತ್ತರಿಸುವುದು. ಇನ್ನೊಂದು, ಎಲ್ಲ ಬಣ್ಣಗಳನ್ನೂ ಸ್ವಲ್ಪ ಸ್ವಲ್ಪ ತಗ್ಗಿಸಿ, ಅವುಗಳ ನಡುವಿನ ಅಂತರ ಉಳಿಸಿಕೊಳ್ಳುವುದು. ಅನುವಾದಕರಲ್ಲೂ ಈ ಎರಡು ಜಾತಿಯವರಿದ್ದಾರೆ. ನಾನು ಮೊದಲಿನವರನ್ನು ಓದುತ್ತೇನೆ. ಕನ್ನಡಕ್ಕೆ ಬಗ್ಗದ ಮಾತು ಬಂದಾಗ ಅದನ್ನು ಹಾಗೇ ಬಿಟ್ಟು ಮುಂದೆ ಹೋಗುವವರ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಇವತ್ತು ಎರಡೂ ಬೇಡವೆನಿಸಿತು. ಈ ಸೀರೆಯನ್ನು ಚಿಕ್ಕ ಪೆಟ್ಟಿಗೆಗೆ ಇಳಿಸುವುದೇ ಇಲ್ಲ. ಚಿಕ್ಕ ಪ್ರತಿ ಮಾಡಲಿಲ್ಲ.

ಡಿಸೆಂಬರ್ ೨೮, ಶನಿವಾರ

ಶಿವಾಜಿನಗರದಲ್ಲಿ ದುಪಟ್ಟಾ, ಸೀರೆಗಳಿಗೆ ಬಣ್ಣ ಹಾಕುವ ಫಹೀಮ್ ಅವರ ಅಂಗಡಿ. ಸೌಂದರ್ಯಾಳೂ ಬಂದಿದ್ದಳು. ಅಂಗಡಿಯ ಮುಂದಿನ ಹಗ್ಗದ ಮೇಲೆ ಅರ್ಧ ಒಣಗಿದ ಬಟ್ಟೆಗಳು. ಅವುಗಳ ಕೆಳಗೆ ಬಗ್ಗಿ ಒಳಗೆ ಹೋಗಬೇಕು.

“ಫೋನಿಗೆ ಹಾಕಿ ಮೇಡಂ. ಈಗ ಎಲ್ಲಾರೂ ಫೋನಲ್ಲೇ ತರ್ತಾರೆ. ನಿನ್ನೆ ಒಬ್ರು ಗಿಳಿ ಫೋಟೋ ತಂದಿದ್ರು. ಗಿಳೀಲಿ ಯಾವ ಜಾಗ ಅಂತ ಕೇಳ್ದೆ, ಅವ್ರಿಗೇ ಗೊತ್ತಿಲ್ಲ!”

ಬಣ್ಣ ನಿಖರವಾಗಿರಬೇಕು ಎಂದೆ.

“ಅರೆ, ಫೋಟೋದಲ್ಲಿ ಏನೈತೋ ಅದೇ ಬರುತ್ತೆ. ಜಾಸ್ತಿ ಇಲ್ಲ, ಕಮ್ಮಿ ಇಲ್ಲ.”

ಸೆರಗಿನ ಭಾಗವನ್ನಷ್ಟೇ ಕತ್ತರಿಸಿದ ಚಿತ್ರವನ್ನು ಅವರ ಫೋನಿಗೆ ಕಳಿಸಿದೆ. ಅವರ ಫೋನಿನಲ್ಲಿ ಹೇಗೆ ಕಂಡಿತೆಂದು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಆಫೀಸಿನ ಪರದೆಯಲ್ಲಿ ನೋಡಿದ್ದೆನಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಸೌಂದರ್ಯಾ ಅದನ್ನು ತನಗೂ ಕಳಿಸಿ ಎಂದಳು. ಫೋನಿನಲ್ಲಿ ಬೇಡ, ಸರಿಯಾದ ಪರದೆಯಲ್ಲೇ ಮೊದಲು ನೋಡು ಎಂದೆ. “ಸರಿ ಆಂಟಿ,” ಎಂದಳು.

ಜನವರಿ ೧೨, ಭಾನುವಾರ

ಸೀರೆ ಬಂತು. ಊಟದ ಮೇಜಿನ ಮೇಲೆ ಬಿಚ್ಚಿದೆವು.

ಮೋಡದ ದಿನದ ಹಲಸೂರು ಕೆರೆಯ ನೀರಿನ ಬಣ್ಣ. ಹಸಿರೇ, ಆದರೆ ಅದರೊಳಗೆ ಯಾರೋ ದೀಪ ಆರಿಸಿದ್ದಾರೆ. ಸೌಂದರ್ಯಾ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಿದ್ದಳು. “ಚೆನ್ನಾಗಿದೆ,” ಎಂದಳು.

“ಇದು ತಪ್ಪು ಬಣ್ಣ. ಮೋಡ ಕವಿದ ಹಲಸೂರು ಕೆರೆ ಥರ ಇದೆ,” ಎಂದೆ. ನನ್ನ ಧ್ವನಿ ಜೋರಾಗಿತ್ತು.

“ಫಹೀಮ್ ತಪ್ಪು ಮಾಡಿದ್ರಾ?”

ಅವರ ಅಂಗಡಿಗೆ ಫೋನ್ ಮಾಡಿ, ನಾನು ಕಳಿಸಿದ್ದ ಚಿತ್ರವನ್ನು ವಾಪಸ್ ನನಗೆ ಕಳಿಸಲು ಹೇಳಿದೆ. ಚಿತ್ರವನ್ನೂ ಸೀರೆಯನ್ನೂ ಪಕ್ಕಪಕ್ಕ ಹಿಡಿದೆ. ಎರಡೂ ಒಂದೇ. ಅವರು ಹೇಳಿದಂತೆ ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಚಿತ್ರವನ್ನು ಕತ್ತರಿಸಿ ಉಳಿಸುವಾಗ ಅದು ಯಾವ ಪೆಟ್ಟಿಗೆಯದು ಎಂದು ಹೇಳುವ ಪ್ರೊಫೈಲನ್ನು ನಾನು ಸೇರಿಸಿರಲಿಲ್ಲ. ಪ್ರೊಫೈಲ್ ಇಲ್ಲದ ಚಿತ್ರವನ್ನು ಫೋನು ಚಿಕ್ಕ ಪೆಟ್ಟಿಗೆಯದೆಂದೇ ತಿಳಿಯುತ್ತದೆ. ಅದೇ ಅಂಕಿಗಳು, ಆದರೆ ಬಣ್ಣ ಸಪ್ಪೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ವಾರದಲ್ಲೇ ನಾನು ಹೇಳಿಕೊಡುವ ಪಾಠ ಇದು.

“ತಪ್ಪು ನನ್ನದು,” ಎಂದೆ.

ಅವಳು ನನ್ನನ್ನೇ ನೋಡಿದಳು. “ನಿಮ್ಮಿಂದ್ಲೂ ತಪ್ಪಾಗುತ್ತಾ ಆಂಟಿ?” ಎಂದು ನಗತೊಡಗಿದಳು. ಮಧುಕರ್ ಏನಾಯಿತೆಂದು ರೂಮಿನಿಂದ ಹೊರಗೆ ಬಂದರು. “ಪಪ್ಪಾ, ಇವ್ರಿಂದ ತಪ್ಪಾಗಿದೆಯಂತೆ! ಕ್ಯಾಲೆಂಡರಲ್ಲಿ ಬರ್ಕೊಳಿ!” ನಗುವಂಥದ್ದೇನಿತ್ತೋ ತಿಳಿಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸೀರೆ ಹೆಗಲ ಮೇಲೇ ಇತ್ತು.

ಜನವರಿ ೧೩, ಸೋಮವಾರ

ಫಹೀಮ್ ಅವರೊಡನೆ ಮಾತಾಡಿದೆ. ಇದರ ಮೇಲೆಯೇ ರಾಮಾ ಗ್ರೀನ್ ಹಾಕಬಹುದು, ಗಾಢವಾಗಿ ಕೂರುತ್ತದೆ. “ಆದ್ರೆ ಒಂದ್ ಸಲ ಹಾಕಿದ್ಮೇಲೆ ಈ ಬಣ್ಣ ವಾಪಸ್ ಕೇಳ್ಬೇಡಿ ಮೇಡಂ.” ಯಾರು ಕೇಳುತ್ತಾರೆ ಎಂದೆ.

ಈ ಸಲ ಶನಿವಾರ ಸೌಂದರ್ಯಾಳನ್ನು ಆಫೀಸಿಗೆ ಕರೆದುಕೊಂಡು ಹೋಗಿ, ಸರಿಯಾದ ಪರದೆಯಲ್ಲಿ ತೋರಿಸಿ, ಅವಳು ಹ್ಞೂಂ ಎಂದ ಮೇಲೆಯೇ ಕೊಡುತ್ತೇನೆ.

ಜನವರಿ ೧೮, ಶನಿವಾರ

ಪರದೆಯ ಮುಂದೆ ಅವಳನ್ನು ಕೂರಿಸಿ ಚಿತ್ರ ತೆರೆದೆ. ಪಕ್ಕದಲ್ಲಿ ನಿಂತು, ಮಲ್ಲಿಗೆಯ ಬಿಳಿಯಿಂದ ಬಣ್ಣವನ್ನು ಹಿಡಿದದ್ದು ಹೇಗೆಂದು ವಿವರಿಸುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿಲ್ಲ ಎಂದು ತಡವಾಗಿ ಗೊತ್ತಾಯಿತು.

“ಆಂಟಿ, ಆಫ್ ಮಾಡಿ.”

ಮಾಡಿದೆ.

“ಆವತ್ತು ಇದೇ ಬಣ್ಣ,” ಎಂದಳು. ಯಾವತ್ತು ಎಂದು ನಾನು ಕೇಳಲಿಲ್ಲ. “ದೊಡ್ಡಮ್ಮ ನನ್ನ ಪಕ್ಕದ ಮನೆಗೆ ಕಳಿಸಿದ್ರು. ನಾನು ಚಪ್ಪಲಿ ಮರೆತೆ ಅಂತ ವಾಪಸ್ ಬಂದೆ. ಬಾಗಿಲು ಸ್ವಲ್ಪ ತೆಗೆದಿತ್ತು. ಅಮ್ಮನ್ನ ಕೂರಿಸಿ ಉಡಿಸ್ತಿದ್ರು. ಅಮ್ಮನ ಕತ್ತು ನಿಲ್ತಾ ಇರ್ಲಿಲ್ಲ.”

ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಹೇಳಿದಳು: “ನಂಗೆ ಅದು ಮರ್ತೇ ಹೋಗಿತ್ತು. ನನ್ನ ಫೋಟೋದಲ್ಲಿ ಅಮ್ಮ ಯಾವಾಗ್ಲೂ ಸಂಜೆ ಹೊತ್ತಲ್ಲಿ ನಿಂತಿರೋ ಥರ ಇರ್ತಾಳೆ. ಎಲ್ಲಾ ಕೆಂಪಗೆ, ಬೆಚ್ಚಗೆ. ನಾನು ದಿನಾ ನೋಡ್ತಿದ್ದಿದ್ದು ಆ ಅಮ್ಮನ್ನ.”

ಕ್ಯಾಂಟೀನು ಮುಚ್ಚಿತ್ತು. ನನ್ನ ಬಾಟಲಿಯ ನೀರು ಕೊಟ್ಟೆ. ಅವಳು ಕುಡಿದು, ಮುಚ್ಚಳ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದಳು. ನಾನು ಮುಚ್ಚಳ ತೆಗೆದುಕೊಂಡು ಹಾಕಿದೆ. ಆಮೇಲೆ ಕೈ ಅಲ್ಲೇ ಬಿಟ್ಟೆ.

ಹೊರಡುವ ಮೊದಲು ಅವಳ ಬ್ಯಾಗಿನಲ್ಲಿದ್ದ ಹಳೆಯ ಪ್ರಿಂಟನ್ನು ಕೇಳಿ ತೆಗೆದುಕೊಂಡೆ. ಮಾಸಿದ್ದನ್ನು ಮಾಸಿದ ಹಾಗೇ, ಒಂದು ಬಣ್ಣವನ್ನೂ ತಿದ್ದದೆ ಸ್ಕ್ಯಾನ್ ಮಾಡಿದೆ. ಮೂಲ ಎಂಬ ಫೋಲ್ಡರಿನಲ್ಲಿಟ್ಟೆ. ಜಾಗ ಬೇಕಾದಷ್ಟಿದೆ.

ಜನವರಿ ೧೯, ಭಾನುವಾರ

ಏನನ್ನೂ ಓದಲಿಲ್ಲ. ಓದುತ್ತಿದ್ದ ಕಾದಂಬರಿಯ ಅನುವಾದಕರು ಬಗ್ಗದ ಮಾತುಗಳನ್ನೆಲ್ಲ ಹಾಗೇ ಬಿಟ್ಟಿದ್ದಾರೆ. ಸ್ವಲ್ಪ ಕಷ್ಟಪಡಬಹುದಿತ್ತು ಎನಿಸಿತು.

ಜನವರಿ ೨೬, ಭಾನುವಾರ

ಸೀರೆಯನ್ನು ಇನ್ನೊಮ್ಮೆ ಬಣ್ಣಕ್ಕೆ ಕೊಡುವುದಿಲ್ಲ. ಬುಧವಾರವೇ ತೀರ್ಮಾನವಾಯಿತು. ಸರಿಯಾದ ಬಣ್ಣ ನಮ್ಮ ಹತ್ತಿರ ಇದೆ, ಬೇಕೆಂದಾಗ ಸಿಗುತ್ತದೆ ಎಂದು ಒಮ್ಮೆ ಹೇಳಿ ನೋಡಿದೆ. ಸೌಂದರ್ಯಾ, “ಅದು ಅಮ್ಮಂದು. ಅವಳ ಜೊತೆ ಹೋಯ್ತು. ನಂಗೆ ಇದು ಸಾಕು,” ಎಂದಳು. ಇದು ಯಾರ ಬಣ್ಣವೂ ಅಲ್ಲವಲ್ಲ ಎಂದೆ. “ಯಾರದ್ದೂ ಅಲ್ಲ ಅಂತ ಯಾಕಂತೀಯ?” ಎಂದು ಸೀರೆ ಮಡಿಚತೊಡಗಿದಳು.

ಜೋಗುಪಾಳ್ಯಕ್ಕೆ ಹೇಳುವುದು ಬಾಕಿಯಿತ್ತು. ಆಟೋದಲ್ಲಿ, “ಚಿಕ್ಕಿ, ದೊಡ್ಡಮ್ಮಂಗೆ ನೀನೇ ಹೇಳು. ನಾನು ಹೇಳಿದ್ರೆ ಅಳ್ತೀನಿ,” ಎಂದಳು. ಆಟೋದವನು ಹಾರ್ನ್ ಮಾಡುತ್ತಲೇ ಇದ್ದ. ಹ್ಞೂಂ ಎಂದೆ.

ಅಕ್ಕ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದೇನಿದು, ಪಾಚಿ ಕಟ್ಟಿದಂಗೆ? ಅಷ್ಟು ದೊಡ್ಡ ಮಿಷನ್ ಇಟ್ಕೊಂಡು ಇದಾ ಮಾಡಿದ್ದು?”

ತಪ್ಪು ಹೇಗಾಯಿತೆಂದು ಹೇಳಿದೆ. ತಿದ್ದಬಹುದು, ತಿದ್ದುವುದಿಲ್ಲ ಎಂದೂ ಹೇಳಿದೆ.

“ನೀನ್ಯಾರೇ ತಿದ್ದಲ್ಲ ಅನ್ನೋಕೆ? ಅವಳ ತಾಯಿ ಸೀರೆ ಅದು!”

“ಅವಳು ಆವತ್ತು ನೋಡಿದ್ದಾಳೆ ಅಕ್ಕ. ನೀವು ಉಡಿಸುವಾಗ. ಚಪ್ಪಲಿ ಮರೆತು ವಾಪಸ್ ಬಂದಿದ್ದಳಂತೆ.”

ಅಕ್ಕ ಅಂಚನ್ನು ಬಿಟ್ಟರು. ಸೌಂದರ್ಯಾಳನ್ನು ನೋಡಿದರು. ಅವಳು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು.

“ಪಕ್ಕದ ಮನೇಲಿ ಬಿಟ್ಟು ಬಂದಿದ್ನಲ್ಲೇ ನಿನ್ನ,” ಎಂದರು. “ಕಂಡಿಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ ಅದೊಂದೇ ಸಮಾಧಾನ ಇತ್ತು ನಂಗೆ.”

ಇಬ್ಬರೂ ಅತ್ತರು. ನಾನು ಒಳಗೆ ಹೋಗಿ ಕಾಫಿಗೆ ಹಾಲಿಟ್ಟೆ. ಸಕ್ಕರೆ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಅದು ಕೇಳುವ ಹೊತ್ತಲ್ಲ. ಹುಡುಕಿದೆ.

ಕುಡಿಯುವಾಗ ಅಕ್ಕ ಲೋಟ ಕೆಳಗಿಟ್ಟು ಸೀರೆಯನ್ನು ಮತ್ತೊಮ್ಮೆ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದರು. “ಜರಿ ಚೆನ್ನಾಗಿ ಎದ್ದು ಕಾಣುತ್ತೆ ಇದ್ರಲ್ಲಿ,” ಎಂದರು. ಆಮೇಲೆ ನನಗೆ, “ಕಾಫಿಗೆ ಉಪ್ಪು ಹಾಕಿದೀಯ.”

ಫೆಬ್ರವರಿ ೧೬, ಭಾನುವಾರ

ಮದುವೆಯಾಯಿತು. ಕಾಲು ನೋಯುತ್ತಿದೆ, ಸ್ವಲ್ಪವೇ ಬರೆಯುತ್ತೇನೆ.

ಧಾರೆಯ ಹೊತ್ತಿಗೆ ನಾನು ಮಂಟಪದ ಹಿಂದೆ ತೆಂಗಿನಕಾಯಿಯ ಬುಟ್ಟಿಯ ಹತ್ತಿರ ಇದ್ದೆ. ಪುರೋಹಿತರು ಕರೆದಾಗ ಅಕ್ಕ ಗಿಂಡಿ ಹಿಡಿದು ಮಂಟಪ ಹತ್ತಿದರು. ಹತ್ತಿದವರು ಅಲ್ಲೇ ನಿಂತು, “ಬೃಂದಾ! ಎಲ್ಲಿ ಸತ್ತಳು ಇವಳು?” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಹೋದೆ. ಗಿಂಡಿಯನ್ನು ನನ್ನ ಕೈಗಿಟ್ಟರು. “ಹಿಡ್ಕೋ. ಧಾರೆ ಕಡೀಬಾರ್ದು, ಒಂದೇ ಸಮ ಬೀಳ್ಬೇಕು. ನಿಂಗೆ ಅಳತೆ ಗೊತ್ತಲ್ಲ.”

ನೀರು ಒಂದೇ ಸಮ ಬಿತ್ತು ಎಂದು ಮಧುಕರ್ ಹೇಳುತ್ತಾರೆ. ನನಗೆ ಕಾಣಿಸಲಿಲ್ಲ. ಹೊಗೆ ಇತ್ತು.

ಮಾರ್ಚ್ ೯, ಭಾನುವಾರ

ಫೋಟೋಗ್ರಾಫರ್ ಮದುವೆಯ ಕಡತಗಳನ್ನೆಲ್ಲ ಕೊಟ್ಟರು. ಮತ್ತೆ ಅನುಮತಿ ಪಡೆದು, ಆಫೀಸಿನ ಕಂಪ್ಯೂಟರಿನಲ್ಲಿ ಜೋಡಿಸುತ್ತ ಕುಳಿತೆ. ಯಾವ ಕಲರ್ ಸ್ಪೇಸಿನಲ್ಲಿ ಕಾಪಿಡಬೇಕೆಂದು ಮೊದಲು ನೋಡಬೇಕಲ್ಲ.

ಧಾರೆಯ ಫೋಟೋ ತೆರೆದು, ಹಿಡಿಸದ ಬಣ್ಣಗಳನ್ನು ತೋರಿಸು ಎಂದು ಎಸ್‌ಆರ್‌ಜಿಬಿ ಒತ್ತಿದೆ. ಎಲ್ಲೂ ಬೂದಿ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಮುಖ, ಮಲ್ಲಿಗೆ, ಗಿಂಡಿ, ನೀರಿನ ಧಾರೆ, ಸೀರೆ, ಎಲ್ಲವೂ ಇದ್ದ ಹಾಗೇ ಇದ್ದವು. ಈ ಸಪ್ಪೆ ಹಸಿರು ಚಿಕ್ಕ ಪೆಟ್ಟಿಗೆಯಲ್ಲಿ ಪೂರ್ತಿಯಾಗಿ ಹಿಡಿಸುತ್ತದೆ. ಕತ್ತರಿಸಬೇಕಾಗಿಲ್ಲ, ತಗ್ಗಿಸಬೇಕಾಗಿಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ರೇವತಿಯವರದು ದೊಡ್ಡದರಲ್ಲೇ ಇರಲಿ. ಇವು ಚಿಕ್ಕದರಲ್ಲಿ.

ಪ್ರೊಫೈಲ್ ಸೇರಿದೆಯೆಂದು ಎರಡು ಸಲ ನೋಡಿಕೊಂಡು ಒಂದನ್ನು ಕೆ.ಆರ್. ಪುರಕ್ಕೆ, ಗಂಡನ ಮನೆಯಲ್ಲಿರುವ ಮಗಳ ಫೋನಿಗೆ ಕಳಿಸಿದೆ. ಕೂಡಲೇ ಫೋನ್ ಮಾಡಿದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಸೀರೆ ಹೇಗೆ ಕಾಣ್ತಿದೆ ನಿನಗೆ?” ಎಂದೆ.

“ಹೇಗೆ ಅಂದ್ರೆ? ನೀನೇ ಹೇಳಿದ್ಯಲ್ಲ, ಹಲಸೂರು ಕೆರೆ ಥರ. ಮೋಡ ಇದ್ದಾಗ.”

ಪರದೆ ನೋಡಿದೆ. ನನಗೂ ಅದೇ ಕಾಣುತ್ತಿತ್ತು.